ಎರಡು ಕೊಕ್ಕು

ರಾತ್ರಿ ಹನ್ನೊಂದೂವರೆಗೆ ಸರಕ್ ಎಂದು ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಎದ್ದವಳು ಮೊದಲು ಅಡುಗೆಮನೆಗೆ ಹೋಗಿ ಗ್ಯಾಸ್ ನೋಡಿದೆ, ಬಾಗಿಲ ಚಿಲಕ ಮುಟ್ಟಿ ನೋಡಿದೆ, ಆಮೇಲೆ ಸದ್ದು ಬಂದ ಕಡೆಗೆ ನಡೆದೆ. ಊಟದ ಮೇಜಿನ ದೀಪದ ಕೆಳಗೆ ದೊಡ್ಡಮ್ಮ ಕೂತಿದ್ದರು. ಎಡಗೈಯಲ್ಲಿ ಸ್ಕೇಲು, ಬಲಗೈಯಲ್ಲಿ ಕೆಂಪು ಪೆನ್ಸಿಲು. ಅವತ್ತು ಹಲ್ಲು ಕೀಳಿಸಿದ್ದ ಕೆನ್ನೆ ಇನ್ನೂ ಊದಿತ್ತು, ಬಾಯಲ್ಲಿದ್ದ ಹತ್ತಿಯನ್ನು ಮಾತ್ರ ತೆಗೆದಿದ್ದರು. ಒಂದೊಂದು ಸಾಲು ಓದಿ ಮುಗಿದಾಗಲೂ ಸ್ಕೇಲನ್ನು ಕೆಳಗೆ ಜಾರಿಸುತ್ತಿದ್ದರು. ನನ್ನನ್ನು ಎಬ್ಬಿಸಿದ್ದು ಅದೇ ಸದ್ದು.

ಅವರ ಮುಂದಿದ್ದದ್ದು ಪುಸ್ತಕದ ಕರಡಲ್ಲ. ನಾನು ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದ ಇಪ್ಪತ್ತೆರಡು ಸಾಲಿನ ಪ್ರೋಗ್ರಾಮು.

"ಇದನ್ನೂ ಬಿಡಲ್ವಾ ದೊಡ್ಡಮ್ಮ?"

"ಕಾಗದದ ಮೇಲೆ ಬಂದದ್ದು ಯಾವುದನ್ನ ಬಿಟ್ಟಿದ್ದೀನಿ? ಏನೇ ಇದು, ಸಾಲು ಸಾಲಿಗೂ ಅರ್ಧವಿರಾಮ? ಪೂರ್ಣವಿರಾಮಕ್ಕೇನು ಬರ ಬಂದಿತ್ತಾ?"

"ಅದು ಭಾಷೆನೇ ಹಾಗೆ. ತೆಗೆದರೆ ಓಡಲ್ಲ."

"ಗೊತ್ತು, ಗೊತ್ತು. ಅರ್ಧವಿರಾಮ ಮುಟ್ಟಿಲ್ಲ. ಬೇರೆ ಒಂದೆರಡು ತಪ್ಪಿದ್ದವು. ಬೆಳಿಗ್ಗೆ ನಾನೇ ಕೂತು ಕಂಪ್ಯೂಟರಿಗೆ ಹಾಕ್ತೀನಿ, ನೀನು ಹೋಗಿ ಮಲಗು."

ಆ ಹಾಳೆಯನ್ನು ಕೇಳಿ ನೋಡಬೇಕಿತ್ತು. ಆದರೆ ನಾವು ಕರಡು ತಿದ್ದುವ ಕೋಣೆಯಲ್ಲಿ ಹಿರಿಯರು ತಿದ್ದಿದ್ದನ್ನು ಕಿರಿಯರು ಮತ್ತೆ ನೋಡುವುದೆಂದರೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಹೋಗಿ ಮಲಗಿದೆ.

ನಾವಿಬ್ಬರೂ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಅಮ್ಮನ ಅಕ್ಕ ಅವರು. ಮೂವತ್ತೊಂದು ವರ್ಷದಿಂದ ಅಲ್ಲಿದ್ದಾರೆ. ನಾಲ್ಕು ವರ್ಷದ ಹಿಂದೆ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಪಕ್ಕದ ಮೇಜಿಗೆ ಕೂರಿಸಿದವರೂ ಅವರೇ. ಮೊದಲ ಮಹಡಿಯಲ್ಲಿ ಎರಡು ಮೇಜು, ಒಂದು ಕಿಟಕಿ, ಕೆಳಗೆ ಯಂತ್ರ ಓಡಿದಾಗಲೆಲ್ಲ ಸಣ್ಣಗೆ ನಡುಗುವ ನೆಲ. ಅಲ್ಲಿ ಎಲ್ಲರಿಗೂ ಅವರು 'ಅಕ್ಕ'. ನಾನು 'ಚುಕ್ಕಿ': ಪುಟದಲ್ಲಿ ಒಂದು ಚುಕ್ಕಿ ಹೆಚ್ಚಾದರೂ ನಿದ್ದೆಗೆಡುವವಳು ಅಂತ.

ಆ ತಿಂಗಳು ನಮ್ಮ ಕೈಯಲ್ಲಿ ಮರಗಿಡಗಳ ಕುರಿತ ಒಂದು ದೊಡ್ಡ ಗ್ರಂಥವಿತ್ತು. ಹನ್ನೆರಡು ಅಧ್ಯಾಯ, ಆರುನೂರ ನಲವತ್ತು ಪುಟ. ಕೊನೆಯಲ್ಲಿ ಪದಸೂಚಿ ಬರಬೇಕು: ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ. ಅಂಥ ಕೆಲಸವನ್ನೆಲ್ಲ ಈಚೆಗೆ ಯಜಮಾನರು ಹೊರಗಿನ ಕಂಪನಿಗೆ ಕೊಡುತ್ತಿದ್ದರು. ಕರಡು ತಿದ್ದುವುದನ್ನೂ ಅಲ್ಲಿಗೇ ಕೊಟ್ಟುಬಿಡುವ ಯೋಚನೆ ಅವರಿಗಿತ್ತು. ಒಂದು ದಿನ ಮೇಲೆ ಬಂದು ನಿಂತುಕೊಂಡೇ ಹೇಳಿದರು: "ಅಕ್ಕ, ಈ ಪದಸೂಚಿ ನೀವೇ ಕಂಪ್ಯೂಟರಲ್ಲಿ ಮಾಡಿ ತೋರಿಸಿ. ಮುಂದಿನ ತಿಂಗಳ ಮೊದಲ ಸೋಮವಾರ ನನ್ನ ಮೇಜಿನ ಮೇಲಿದ್ದರೆ ಈ ಕೋಣೆ ಇರುತ್ತೆ. ಇಲ್ಲಾಂದ್ರೆ ನಿಮಗೆ ಕೆಳಗೆ ಬೈಂಡಿಂಗ್ ವಿಭಾಗದಲ್ಲಿ ಜಾಗ ಮಾಡ್ತೀನಿ."

ಅದು ಗದರಿಕೆಯಾಗಿರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ದೊಡ್ಡಮ್ಮ ಹಾಳೆ ಮಡಚುತ್ತಾ ಕೂರುವುದನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅವರು ಮಾತ್ರ, "ಮಾಡೋಣ ಬಿಡಿ. ಅಕ್ಷರದ ಕೆಲಸ ತಾನೆ?" ಎಂದು ಮತ್ತೆ ಸ್ಕೇಲು ಎತ್ತಿಕೊಂಡರು.

ಕಲಿಸಲು ಬಂದವರು ಕಂಪ್ಯೂಟರ್ ಕೋಣೆಯ ಕೇಬಲಯ್ಯ. ಯಾವಾಗಲೂ ಕತ್ತಿನಲ್ಲಿ ಒಂದು ತಂತಿ ನೇತುಹಾಕಿಕೊಂಡೇ ಓಡಾಡುವುದರಿಂದ ಆ ಹೆಸರು. ಅಧ್ಯಾಯವನ್ನು ಓದಿ, ಒಂದೊಂದೇ ಪದವನ್ನು ಪುಟಸಂಖ್ಯೆಯೊಂದಿಗೆ ಪರದೆಯ ಮೇಲೆ ತೋರಿಸುವ ಪ್ರೋಗ್ರಾಮನ್ನು ಎರಡು ವಾರದಲ್ಲಿ ಹೇಳಿಕೊಟ್ಟರು. ಪದಗಳೇನೋ ಬಂದವು, ಆದರೆ ಬಂದ ವೇಗದಲ್ಲೇ ಮೇಲಕ್ಕೆ ಹಾರಿಹೋದವು. ದೊಡ್ಡಮ್ಮ ಪರದೆಗೆ ಮೂಗು ತಾಗಿಸಿ ಅವನ್ನು ನೋಟ್‌ಬುಕ್ಕಿಗೆ ಇಳಿಸತೊಡಗಿದರು.

"ಅಕ್ಕ, ಅಕ್ಕ, ಅದನ್ನ ಅದೇ ಬರೆದುಕೊಳ್ಳುತ್ತೆ. ನೀವ್ಯಾಕೆ ಕೈ ನೋಯಿಸಿಕೊಳ್ತೀರಿ?"

"ಬರೆದುಕೊಳ್ಳುತ್ತೆ ಅಂತ ಮೊದಲೇ ಹೇಳ್ಬಾರದಾ? ಎರಡು ಪುಟ ಆಯ್ತು!"

ಹಾಗೆ ಶುರುವಾಯಿತು ಫೈಲಿಗೆ ಬರೆಯುವ ಪಾಠ. ಓಪನ್ ಎಂದರೆ ಫೈಲು ತೆರೆ, ಪ್ರಿಂಟ್ ಎಂದರೆ ಬರೆ, ಕ್ಲೋಸ್ ಎಂದರೆ ಮುಚ್ಚು. ಓಪನ್ ಸಾಲಿನ ತುದಿಯಲ್ಲಿ 'ಆರ್ ಡೈ' ಎಂದಿರುವುದನ್ನು ಕಂಡು ದೊಡ್ಡಮ್ಮನ ಪೆನ್ಸಿಲು ನಿಂತಿತು.

"ಇದೇನಪ್ಪಾ ಇದು?"

"ಫೈಲು ತೆರೆಯೋಕೆ ಆಗದಿದ್ರೆ ಅಲ್ಲೇ ಸಾಯಿ ಅಂತ ಅಕ್ಕ."

"ಅಯ್ಯೋ, ಒಂದು ಫೈಲು ತೆರೀಲಿಲ್ಲ ಅಂತ ಸಾಯ್ಬೇಕಾ? ನನ್ನ ಕೈಕೆಳಗೆ ಹೋದ ಯಾವ ಪುಸ್ತಕದಲ್ಲೂ ಇಷ್ಟು ಒರಟು ಮಾತು ಇರಲಿಲ್ಲ."

"ಸಾಯದೆ ಮುಂದಕ್ಕೆ ಹೋದ್ರೆ ಇನ್ನೂ ಮೋಸ. ಬರೀತಾ ಇದ್ದೀನಿ ಅಂತ ನಟಿಸುತ್ತೆ, ಒಂದಕ್ಷರ ಬರೆದಿರಲ್ಲ."

"ಹಾಗಾದ್ರೆ ಸಾಯ್ಲಿ. ಆದ್ರೆ ಮರ್ಯಾದೆಯಿಂದ ಸಾಯ್ಲಿ." ಆ ಸಾಲಿನ ಮುಂದೆ, ತಪ್ಪಾದಾಗ ಪರದೆಯ ಮೇಲೆ ಬರಬೇಕಾದ ಮಾತನ್ನು ತಾವೇ ಬರೆದರು: 'ಕ್ಷಮಿಸಿ, ಕಡತ ತೆರೆಯಲಾಗಲಿಲ್ಲ.' ಕೇಬಲಯ್ಯ ಕತ್ತಿನ ತಂತಿ ತೆಗೆದು ಮೇಜಿನ ಮೇಲಿಟ್ಟು ನಕ್ಕರು.

ಫೈಲಿನ ಹೆಸರಿಗೂ ಮುಂಚೆ ಒಂದು ಗುರುತು ಹಾಕಬೇಕು: > ಹೀಗೆ. ಅದನ್ನು ಬಾಣ ಎಂದರು ಕೇಬಲಯ್ಯ. "ಬಾಣಕ್ಕೆ ಬಾಲ ಎಲ್ಲಿ? ಇದು ಹಕ್ಕಿ ಕೊಕ್ಕು," ಎಂದರು ದೊಡ್ಡಮ್ಮ. ಅಂದಿನಿಂದ ಅದು ಕೊಕ್ಕೇ ಆಯಿತು.

ಮಾರನೆಯ ದಿನ ದೊಡ್ಡಮ್ಮ ಹಲ್ಲು ಕೀಳಿಸಲು ಹೋಗಿದ್ದರು. ಪಾಠಕ್ಕೆ ನಾನೊಬ್ಬಳೇ. ಒಂದು ಕೊಕ್ಕು ಹಾಕಿದರೆ ಫೈಲಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿ ಹೊಸದಾಗಿ ಶುರುವಾಗುತ್ತದೆ, ಎರಡು ಕೊಕ್ಕು ಹಾಕಿದರೆ ಇದ್ದದ್ದರ ಕೊನೆಗೆ ಸೇರುತ್ತದೆ ಎಂದು ಕೇಬಲಯ್ಯ ಹೇಳಿಕೊಟ್ಟದ್ದು ಅವತ್ತು. ಹನ್ನೆರಡು ಅಧ್ಯಾಯವೂ ಒಂದೇ ಫೈಲಿಗೆ ಹೋಗಬೇಕಾದ್ದರಿಂದ ನಾನು ಎರಡು ಹಾಕಿದೆ. ದೊಡ್ಡಮ್ಮನಿಗೆ ಹೇಳಬೇಕೆಂದುಕೊಂಡೇ ಮನೆಗೆ ಹೋದೆ. ಅವರ ಕೆನ್ನೆ ಊದಿಕೊಂಡಿತ್ತು, ಬಾಯಲ್ಲಿ ಹತ್ತಿಯಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಪ್ರೋಗ್ರಾಮನ್ನು ಅಚ್ಚು ಮಾಡಿ ತಂದದ್ದನ್ನು ಮೇಜಿನ ಮೇಲೆ ಬಿಟ್ಟು ಮಲಗಿದೆ. ಸ್ಕೇಲಿನ ಸದ್ದು ಕೇಳಿದ್ದು ಆ ರಾತ್ರಿ. ನಾಳೆ ಎಂದದ್ದು ಮರೆತೇಹೋಯಿತು.

ಸೋಮವಾರದಿಂದ ಕೆಲಸ. ದಿನಕ್ಕೆರಡು ಅಧ್ಯಾಯ. ಪರದೆಯ ಮೇಲೆ ಪದ ಬಂದು ನಿಲ್ಲುತ್ತದೆ. ಬೇಕೋ ಬೇಡವೋ ಎಂದು ದೊಡ್ಡಮ್ಮ ಹೇಳಬೇಕು, ನಾನು ಕೀಲಿ ಒತ್ತಬೇಕು. ಬೇಕಾದದ್ದು ಮಾತ್ರ ಫೈಲಿಗೆ ಹೋಗುತ್ತದೆ. ನಾಲ್ಕು ಸಾವಿರ ಪದ. ಒಂದೊಂದಕ್ಕೂ ಚರ್ಚೆ.

"ನೆರಳು."

"ಬೇಕು."

"ನೆರಳು ಯಾಕೆ ದೊಡ್ಡಮ್ಮ? ಅದೇನು ಗಿಡವಾ, ಕಾಯಿಲೆಯಾ?"

"ಮರದ ಪುಸ್ತಕದಲ್ಲಿ ನೆರಳು ಹುಡುಕದೆ ಇನ್ನೇನು ಸೀಮೆಎಣ್ಣೆ ಹುಡುಕ್ತಾರಾ? ಒತ್ತು."

ಪ್ರತಿ ಸಂಜೆಯೂ ನಾನು ಫೈಲು ತೆರೆದು ಕೊನೆಯ ಸಾಲು ನೋಡುತ್ತಿದ್ದೆ. ಅಂದು ನಾವು ಕೊನೆಯಲ್ಲಿ ಒತ್ತಿದ ಪದವೇ ಅಲ್ಲಿರುತ್ತಿತ್ತು. ಸಮಾಧಾನದಿಂದ ಮುಚ್ಚುತ್ತಿದ್ದೆ. ಬೀಗವನ್ನು ಮೂರು ಸಲ ಎಳೆದು ನೋಡುವ ನಾನು, ಆರು ದಿನದಲ್ಲಿ ಒಂದು ಸಲವೂ ಮೊದಲ ಸಾಲು ನೋಡಲಿಲ್ಲ.

ಶನಿವಾರ ಸಂಜೆ ಐದಕ್ಕೆ ಹನ್ನೆರಡನೇ ಅಧ್ಯಾಯ ಮುಗಿಯಿತು. ದೊಡ್ಡಮ್ಮ ಮುಖ ತೊಳೆಯಲು ಎದ್ದುಹೋದರು. ಅಚ್ಚಿಗೆ ಕೊಡೋಣವೆಂದು ನಾನು ಫೈಲನ್ನು ಮೊದಲಿಂದ ತೆರೆದೆ. ಮೊದಲ ಪದದ ಮುಂದೆ ಪುಟ ಐನೂರ ತೊಂಬತ್ತೊಂದು ಎಂದಿತ್ತು. ಒಟ್ಟು ನೂರ ನಲವತ್ತೆಂಟು ಸಾಲು. ಮಿಕ್ಕ ಹನ್ನೊಂದು ಅಧ್ಯಾಯದ ಒಂದು ಪದವೂ ಇರಲಿಲ್ಲ.

ಪ್ರೋಗ್ರಾಮು ತೆರೆದೆ. ಓಪನ್ ಸಾಲಿನಲ್ಲಿ ಒಂದೇ ಕೊಕ್ಕು.

ದೊಡ್ಡಮ್ಮನ ಡ್ರಾಯರಿನಲ್ಲಿ ಆ ಹಾಳೆ ಇತ್ತು. ಎರಡು ಕೊಕ್ಕಿನಲ್ಲಿ ಎರಡನೆಯದರ ಮೇಲೆ ನೀಟಾದ ಕೆಂಪು ಗೀಟು, ಅಂಚಿನಲ್ಲಿ 'ತೆಗೆ' ಎನ್ನುವ ಸುರುಳಿ ಗುರುತು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ 'ಎರಡು ಸಲ ಬಿದ್ದಿದೆ'. ಜೋಡಣೆಯಲ್ಲಿ ಒಂದೇ ಅಕ್ಷರ ಎರಡು ಸಲ ಬೀಳುವುದು ನಮಗೆ ದಿನನಿತ್ಯದ ತಪ್ಪು. ಕಂಡ ಕೂಡಲೇ ಕೈ ತಾನಾಗಿ ಒಂದನ್ನು ಹೊಡೆಯುತ್ತದೆ. ಪಾಠಕ್ಕೆ ನಾನು ಹೋಗದೆ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಹೇಳಬೇಕಾದ್ದನ್ನು ಹೇಳದೆ ಬಿಟ್ಟವಳು ನಾನು. ಹಾಳೆಯನ್ನು ಇದ್ದ ಜಾಗದಲ್ಲೇ ಇಟ್ಟು ಡ್ರಾಯರು ಮುಚ್ಚಿದೆ.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದರು. ನನ್ನ ಮುಖ ನೋಡಿದ್ದೇ ನಿಂತರು.

"ಏನಾಯ್ತೇ?"

"ಫೈಲಲ್ಲಿ ಕೊನೇ ಅಧ್ಯಾಯ ಮಾತ್ರ ಇದೆ. ಮಿಕ್ಕಿದ್ದೆಲ್ಲ ಅಳಿಸಿಹೋಗಿದೆ."

ಅವರು ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು. ಕೆಳಗೆ ಯಂತ್ರ ನಿಂತಿತ್ತು.

"ಪುಸ್ತಕದ ಅಧ್ಯಾಯಗಳು?"

"ಅವು ಹಾಗೇ ಇವೆ. ನಾವು ಬೇಕು ಬೇಡ ಅಂದದ್ದು ಮಾತ್ರ ಹೋಗಿದೆ."

"ಅದು ಎಲ್ಲಿ ಹೋಗಿದೆ? ಇಲ್ಲೇ ಇದೆಯಲ್ಲ," ಎಂದು ಹಣೆ ತಟ್ಟಿಕೊಂಡರು. "ಒಂದು ಸಲ ಯೋಚಿಸಿ ಹೇಳಿದ್ದನ್ನ ಇನ್ನೊಂದು ಸಲ ಹೇಳೋಕೆ ಎಷ್ಟು ಹೊತ್ತು ಬೇಕು? ಸೋಮವಾರಕ್ಕೆ ಇನ್ನೂ ಒಂದೂವರೆ ದಿನ ಇದೆ. ಅಳೋದಿದ್ರೆ ಈಗ್ಲೇ ಅತ್ತು ಮುಗಿಸು. ಆಮೇಲೆ ಕಣ್ಣು ಮಂಜಾದ್ರೆ ತಪ್ಪು ಕೀಲಿ ಒತ್ತುತ್ತೀಯ."

ನಾನು ಅಳಲಿಲ್ಲ. ಎರಡನೇ ಕೊಕ್ಕು ಹಾಕಿದೆ. ಪರೀಕ್ಷೆಗೆಂದು ಬೇರೊಂದು ಹೆಸರಿನ ಫೈಲಿಗೆ ಪುಸ್ತಕದ ಎರಡು ಸಣ್ಣ ತುಣುಕು ಓಡಿಸಿ, ಮೊದಲ ಸಾಲು, ಕೊನೆಯ ಸಾಲು, ನಡುವಿನ ಸಾಲು ಮೂರನ್ನೂ ನೋಡಿದೆ. ಮೊದಲನೆಯದು ಉಳಿದಿತ್ತು, ಎರಡನೆಯದು ಅದರ ಬೆನ್ನಿಗೆ ಕೂತಿತ್ತು.

"ಹನ್ನೆರಡನೇದು ಇದ್ದ ಹಾಗೇ ಇರಲಿ," ಎಂದೆ. "ಅದರ ಕೊನೆಗೆ ಒಂದರಿಂದ ಹನ್ನೊಂದು ಸೇರಿಸೋಣ. ಹೇಗೂ ಕೊನೆಗೆ ಅಕಾರಾದಿಯಾಗಿ ಜೋಡಿಸೋದೇ ತಾನೆ."

"ಅಪ್ಪಣೆ ತಾಯಿ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಕೂತರು. ನಾನು ಓದಿದೆ, ಅವರು ಹೇಳಿದರು. ಬೇಕು. ಬೇಡ. ಬೇಡ. ಬೇಕು. ಆರು ದಿನ ನಡೆದಿದ್ದ ಜಗಳ ಒಂದೂ ಇರಲಿಲ್ಲ. ಬೆಳಿಗ್ಗೆ ಬೇಡ ಎಂದು ಮಧ್ಯಾಹ್ನ ಬೇಕು ಎಂದು ಬದಲಾಯಿಸಿದ್ದ ಪದಗಳೂ ಅವರಿಗೆ ನೆನಪಿದ್ದವು. ಎಂಟು ಗಂಟೆಗೆ ಕಾವಲುಗಾರ ಬಂದು ಬೀಗದ ಕೈ ಕುಣಿಸಿದ. ಐದು ಅಧ್ಯಾಯ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಮತ್ತೆ ಬಂದು ಕೂತೆವು. ಒಂದೊಂದು ಅಧ್ಯಾಯ ಮುಗಿದ ಮೇಲೂ ನಾನು ಫೈಲನ್ನು ತಲೆಯಿಂದ ಬುಡದವರೆಗೆ ಇಳಿಸಿ ನೋಡುತ್ತಿದ್ದೆ. ದೊಡ್ಡಮ್ಮ ಬೇಸರಪಡದೆ ಕಾಯುತ್ತಿದ್ದರು. ಮಧ್ಯಾಹ್ನ ಎರಡೂವರೆಗೆ ಸಾವಿರದ ಒಂಬೈನೂರ ಏಳು ಸಾಲು ನಿಂತವು.

"ಏನಾಗಿತ್ತು ಅದಕ್ಕೆ?" ಮೆಟ್ಟಿಲಿಳಿಯುವಾಗ ಕೇಳಿದರು.

"ಒಂದು ಗುರುತು ಬಿಟ್ಟುಹೋಗಿತ್ತು."

ನಮ್ಮ ಕಸುಬಿನಲ್ಲಿ ಹಾಗೇ ಹೇಳುವುದು. ಅಕ್ಷರ ಬಿಟ್ಟುಹೋಗಿದೆ, ಸಾಲು ಜಾರಿದೆ, ಎರಡು ಸಲ ಬಿದ್ದಿದೆ. ಬಿಟ್ಟವರು ಯಾರು, ಬೀಳಿಸಿದವರು ಯಾರು ಎಂದು ಅಂಚಿನಲ್ಲಿ ಯಾರೂ ಬರೆಯುವುದಿಲ್ಲ. ದೊಡ್ಡಮ್ಮ ಒಂದು ಮೆಟ್ಟಿಲ ಮೇಲೆ ನಿಂತು, "ಹೂಂ," ಎಂದು ಮತ್ತೆ ಇಳಿದರು.

ಸೋಮವಾರ ಹತ್ತು ಗಂಟೆಗೆ ಯಜಮಾನರು ಪದಸೂಚಿಯನ್ನು ಮುಂದಿಟ್ಟುಕೊಂಡು ಕಣ್ಣಿಗೆ ಬಿದ್ದ ಪದಗಳನ್ನು ಆರಿಸಿದರು. ಅಂಟು. ತೊಗಟೆ. ಹಾವಸೆ. ಪುಟ ತಿರುವಿ ನೋಡಿದರು. ಇತ್ತು, ಇತ್ತು, ಇತ್ತು. ಇನ್ನೂ ಆರು ನೋಡಿದರು.

"ತೊಂದರೆ ಏನೂ ಆಗ್ಲಿಲ್ವಾ?"

ಸುಳ್ಳು ನನಗೆ ಒಗ್ಗುವುದಿಲ್ಲ. "ಶನಿವಾರ ಮೊದಲಿಂದ ಮತ್ತೊಂದು ಸಲ ಮಾಡ್ಬೇಕಾಯ್ತು ಸರ್," ಎಂದೆ.

"ಕಲಿಯೋರು ಮೊದಲ ಸಲಕ್ಕೇ ಸರಿ ಮಾಡಿದ್ರೆ ಕರಡು ತಿದ್ದೋರಿಗೆ ಏನು ಕೆಲಸ?" ಎಂದರು ದೊಡ್ಡಮ್ಮ. ಯಜಮಾನರಿಗೆ ನಗು ಬಂತು. ಮುಂದಿನ ಪುಸ್ತಕದ್ದೂ ಅಕ್ಕನ ಮೇಜಿನಿಂದಲೇ ಬರಲಿ, ಆ ಕೋಣೆಗೆ ಇನ್ನೊಂದು ಕಂಪ್ಯೂಟರ್ ಹಾಕಿಸುತ್ತೇನೆ ಎಂದರು.

ಮೇಲೆ ಕೇಬಲಯ್ಯ ನಮ್ಮ ಪ್ರೋಗ್ರಾಮು ತೆರೆದು ನೋಡುತ್ತಾ ಕೂತಿದ್ದರು. "ಎರಡು ಕೊಕ್ಕು ಹಾಕಿದ್ದೀರಿ, ಸರಿಯಾಗಿದೆ. ಅಕ್ಕ, ನೀವು ಅವತ್ತು ಇರಲಿಲ್ಲ, ಇಲ್ಲಿ ನೋಡಿ..."

"ಗೊತ್ತಪ್ಪ. ಒಂದು ಕೊಕ್ಕು ಗುಡಿಸಿಹಾಕುತ್ತೆ, ಎರಡು ಕೊಕ್ಕು ಕೂಡಿಡುತ್ತೆ."

"ಅರೆ! ಯಾರು ಹೇಳಿಕೊಟ್ರು?"

"ಚುಕ್ಕಿ."

ನಾನು ಹೇಳಿಕೊಟ್ಟಿರಲಿಲ್ಲ; ಪರದೆಯ ಮೇಲಿನ ಎರಡು ಕೊಕ್ಕನ್ನೂ ತಮ್ಮ ಹಾಳೆಯ ಕೆಂಪು ಗೀಟನ್ನೂ ಅವರೇ ತಾಳೆ ನೋಡಿರಬೇಕು. ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಹೊಸ ಕರಡಿನ ಕಟ್ಟು ಬಿಚ್ಚುತ್ತಾ ದಾರದ ಗಂಟಿನೊಂದಿಗೆ ಗುದ್ದಾಡುತ್ತಿದ್ದರು.

ಹೊರಡುವಾಗ ಕೇಬಲಯ್ಯ ನನ್ನನ್ನು ಬಾಗಿಲಾಚೆ ಕರೆದು ದನಿ ತಗ್ಗಿಸಿದರು. "ಶನಿವಾರ ಸಂಜೆ ಈ ಪ್ರೋಗ್ರಾಮು ಬದಲಾಗಿದೆ. ಅದಕ್ಕೂ ಮುಂಚೆ ಒಂದು ಸಲ ಯಾರೋ ಮುಟ್ಟಿದ್ದಾರೆ. ಯಾರು ಅಂತ ಕಂಪ್ಯೂಟರಲ್ಲಿ ಗುರುತು ಇರುತ್ತೆ. ತೆಗೆದು ನೋಡ್ಲಾ?"

ಏನೇ ಆದರೂ ಹೋಗಿ ಒಪ್ಪಿಸಿಬಿಡುವುದು ನನ್ನ ಸ್ವಭಾವ. ಒಂದು ಅಲ್ಪವಿರಾಮ ತಪ್ಪಿದರೂ ಯಜಮಾನರ ಕೋಣೆಗೆ ಹೋಗಿ ಹೇಳಿ ಬರುವವಳು. ಒಳಗೆ ದೊಡ್ಡಮ್ಮ ಕಟ್ಟು ಬಿಚ್ಚಿ, ಮೊದಲ ಹಾಳೆ ಎಳೆದುಕೊಂಡು ಓದತೊಡಗಿದ್ದರು.

"ಬೇಡ," ಎಂದೆ. ಆ ಹಾಳೆಯಲ್ಲಿ ಕಂಡದ್ದನ್ನು ಕೇಬಲಯ್ಯನಿಗೆ ಮಾತ್ರವಲ್ಲ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ದೊಡ್ಡಮ್ಮನಿಗೂ.