ಹಲ್ಲಿಗೆ ತಂತಿ ಹಾಕಿಸಿದ ಮೂರನೇ ದಿನ

ಟೈಲರಕ್ಕ ಹಲ್ಲಿಗೆ ತಂತಿ ಹಾಕಿಸಿಕೊಂಡು ಅಂದಿಗೆ ಮೂರನೇ ದಿನ. ಒಂದರ ಮೇಲೊಂದು ಹತ್ತಿ ಕೂತ ಮುಂದಿನ ಹಲ್ಲುಗಳ ಸಂದಿಗೆ ಬ್ರಷ್ ಹೋಗುತ್ತಿರಲಿಲ್ಲ. ವಸಡಿನಲ್ಲಿ ಆಗಾಗ ರಕ್ತ. ಹೀಗೇ ಬಿಟ್ಟರೆ ಮುಂದೆ ಹಲ್ಲು ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಕ್ಕಳ ಓದು ಮುಗಿಯಲಿ, ಮನೆಯ ರಿಪೇರಿ ಮುಗಿಯಲಿ ಎಂದು ಕಾದು ಕಾದು, ನಲವತ್ತು ದಾಟಿದ ಮೇಲೆ ಆಕೆ ತನಗೆಂದು ಮಾಡಿಸಿಕೊಂಡ ಮೊದಲ ಕೆಲಸ ಇದು.

ಈಗ ನೋಡಿದರೆ ಬಾಯಿ ತುಂಬ ನೋವು. ಕೆನ್ನೆಯ ಒಳಗೆಲ್ಲ ತರಚಿತ್ತು. ಸಾಲದ್ದಕ್ಕೆ ಬೆಳಿಗ್ಗೆ ಗುಂಡಿ ಹೊಲಿದವಳೇ, ಅಭ್ಯಾಸಬಲದಿಂದ ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆದಿದ್ದಳು. ಟಕ್ ಎಂದಿತು. ಹಲ್ಲಿಗೆ ಅಂಟಿಸಿದ್ದ ಪುಟ್ಟ ಬಿಲ್ಲೆಯೊಂದು ಕಿತ್ತುಬಂದು ತಂತಿಯ ಮೇಲೆ ಮಣಿಯ ಹಾಗೆ ಓಡಾಡತೊಡಗಿತು.

"ನಾನು ಆವತ್ತೇ ಹೇಳಿದ್ನಲ್ಲ," ಎಂದರು ಅತ್ತೆ. "ಈ ವಯಸ್ಸಲ್ಲಿ ಹಲ್ಲಿಗೆ ಬೇಲಿ ಹಾಕಿಸ್ಕೊಳ್ಳೋರು ಯಾರಾದ್ರೂ ಇದಾರಾ? ಹೋಗಿ ತೆಗೆಸಿಬಿಡು."

ಟೈಲರಕ್ಕ ಕನ್ನಡಿಯಲ್ಲಿ ಬಾಯಿ ನೋಡಿಕೊಂಡಳು. ತೆಗೆಸಿದರೆ ನೋವೇನೋ ಹೋಗುತ್ತದೆ. ಆದರೆ ಹಲ್ಲೂ ಹೋಗುತ್ತದಲ್ಲ. ಜೊತೆಗೆ, 'ನಿನಗ್ಯಾಕೆ ಇದೆಲ್ಲ' ಎಂದವರ ಮಾತೇ ಗೆದ್ದಂತಾಗುತ್ತದೆ.

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ತನ್ನ ಮಗಳ ಯೂನಿಫಾರ್ಮ್ ಒಯ್ಯಲು ಪಕ್ಕದ ಮನೆಯವಳು ಬಂದಳು. ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು.

"ಎಲ್ಲಿ, ಬಾಯಿ ತೆಗೀರಿ ಅಕ್ಕಾ. ಏನು ಕಚ್ಚಿದ್ರಿ?"

"ದಾರ."

"ಮನೆ ತುಂಬ ಕತ್ತರಿ ಇಟ್ಕೊಂಡು!"

ನೋವಿನಲ್ಲೂ ಟೈಲರಕ್ಕನಿಗೆ ನಗು ಬಂತು. "ಎಲ್ಲ ಹಾಳಾಯ್ತೇನೇ?"

"ಏನೂ ಹಾಳಾಗಿಲ್ಲ. ಫೋನ್ ಮಾಡಿ ಹೋಗಿ, ಮತ್ತೆ ಅಂಟಿಸ್ತಾರೆ. ನೀವೇ ಇಕ್ಕಳ ಹಿಡ್ಕೊಂಡು ರಿಪೇರಿಗೆ ಇಳೀಬೇಡಿ, ಅಷ್ಟೆ."

"ಮತ್ತೆ ಈ ನೋವು?" ಅತ್ತೆ ಬಿಡಲಿಲ್ಲ. "ಹಲ್ಲು ಬೇರೆ ಅಲ್ಲಾಡ್ತಿದೆಯಂತೆ!"

"ಶುರುವಿನಲ್ಲಿ ಹಾಗೇ ಅಮ್ಮ. ಹಲ್ಲು ಈಗ ತಾನೇ ಜಾಗ ಬದಲಿಸೋಕೆ ಹೊರಟಿದೆ. ಸಾಮಾನ್ಯವಾಗಿ ವಾರದೊಳಗೆ ನೋವು ಇಳಿಯುತ್ತೆ. ಇಳೀದೆ ಹೋದ್ರೆ, ಬಾವು ಬಂದ್ರೆ, ಡಾಕ್ಟರಿಗೆ ತೋರಿಸ್ಬೇಕು. ಅಲ್ಲೀವರೆಗೆ ಮೆತ್ತಗಿರೋದು ತಿನ್ನಲಿ. ಅಕ್ಕಾ, ಅವರು ಕೊಟ್ಟ ಮೇಣ ಎಲ್ಲಿ? ಕೆನ್ನೆಗೆ ಉಜ್ಜೋ ಕಡೆ ತಂತಿ ಮೇಲೆ ಅದನ್ನ ಅಂಟಿಸ್ಕೊಳ್ಳಿ. ಗಟ್ಟಿ ತಿಂಡಿ, ಅಂಟು ಮಿಠಾಯಿ ಬೇಡ. ತಿಂದಾಗಲೆಲ್ಲ ಬ್ರಷ್ ಮಾಡಿ."

"ಎಷ್ಟು ದಿನ ಈ ಗೋಳು?" ಎಂದಳು ಟೈಲರಕ್ಕ.

"ಗೋಳು ಸ್ವಲ್ಪ ದಿನ. ತಂತಿ ಮಾತ್ರ ಒಂದೂವರೆ, ಎರಡು ವರ್ಷ ಇರಬಹುದು. ಕರೆದಾಗೆಲ್ಲ ಹೋಗಿ ಸರಿಮಾಡಿಸ್ಕೋಬೇಕು. ತೆಗೆದ ಮೇಲೂ ಹಲ್ಲು ಹಿಂದಕ್ಕೆ ಓಡದ ಹಾಗೆ ರಿಟೈನರ್ ಅಂತ ಕೊಡ್ತಾರೆ. ಅದನ್ನ ಪೆಟ್ಟಿಗೇಲಿ ಇಡೋ ಹಾಗಿಲ್ಲ, ಹಾಕ್ಕೋಬೇಕು."

"ಅಷ್ಟು ವರ್ಷ ಯಾಕೆ? ಒಂದೇ ಸಲ ಎಳೆದು ಕೂರಿಸಬಾರದಾ?" ಎಂದರು ಅತ್ತೆ.

ಇದಕ್ಕೆ ನರ್ಸ್ ಬಾಯಿ ತೆರೆಯುವ ಮೊದಲೇ ಟೈಲರಕ್ಕ ಹೇಳಿದಳು: "ಬಿಗಿಯಾದ ಅಂಗೀನ ಒಂದೇ ಸಲ ಎಳೆದ್ರೆ ಏನಾಗುತ್ತೆ ಅತ್ತೆ? ಪರ್ರಂತ ಹರಿಯುತ್ತೆ."

ಅತ್ತೆ ತರಕಾರಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. "ಸರಿ, ಅರ್ಧಕ್ಕೆ ಬಿಡೋದು ಬೇಡ. ನೀನು ಹೋಗಿ ಅಂಟಿಸ್ಕೊಂಡು ಬಾ. ತರಕಾರಿ ಮೆತ್ತಗೆ ಬೇಯಿಸಿಟ್ಟಿರ್ತೀನಿ. ಯಾರಾದ್ರೂ ಬಟ್ಟೆಗೆ ಬಂದ್ರೆ, ನಮ್ಮ ಸೊಸೆ ಡಾಕ್ಟರ ಹತ್ರ ಹೋಗಿದಾಳೆ ಅಂತೀನಿ."

ಟೈಲರಕ್ಕ ಡಾಕ್ಟರಿಗೆ ಫೋನ್ ಮಾಡಿ, ಮಿಷನ್ನಿಗೆ ಮುಸುಕು ಹಾಕಿ ಚಪ್ಪಲಿ ಮೆಟ್ಟಿದಳು.

ಅಕ್ಕತಂಗಿಯರೇ, ತಂತಿ ಹಾಕಿಸಿಕೊಳ್ಳುವ ಮೊದಲೇ ಎಲ್ಲವನ್ನೂ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ಮೊದಲ ದಿನಗಳ ನೋವಿಗೆ ಹೆದರಿ ಚಿಕಿತ್ಸೆ ಬಿಡಬೇಡಿ. ವಯಸ್ಸಾಯಿತೆಂದು ಸುಮ್ಮನಾಗಲೂಬೇಡಿ: ಮಕ್ಕಳ ಓದು, ಮನೆಯ ರಿಪೇರಿಯಷ್ಟೇ ನಿಮ್ಮ ಹಲ್ಲೂ ಮುಖ್ಯ.