ಗುಂಯ್ ಇಲ್ಲದ ದನಿ

ಕೈಯಲ್ಲಿರುವ ಕೆಲಸ ಒಂದಷ್ಟು ಹೊತ್ತು ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿ, ನಡುವೆ ಎದ್ದು ಹೋಗಬೇಡಿ. ಶುರುವಿನಲ್ಲಿ ಇದು ಬರೀ ಲ್ಯಾಪ್‌ಟಾಪಿನ ಬ್ಯಾಟರಿ ರಗಳೆ ಅನ್ನಿಸುತ್ತದೆ. ಅವಳಿಗೂ ಹಾಗೇ ಅನ್ನಿಸಿತ್ತು.

ಅವಳನ್ನು ಮನೆಯಲ್ಲಿ ಎಲ್ಲರೂ ಕಿವಿ ಅಂತಲೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಪಕ್ಕದ ಬೀದಿಯ ನಲ್ಲಿ ತೊಟ್ಟಿಕ್ಕಿದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದಳಂತೆ, ಅದಕ್ಕೆ ಅಣ್ಣ ಇಟ್ಟ ಹೆಸರು. ಮುಂದೆ ಅದೇ ಅನ್ನವಾಯಿತು. ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಇನ್ನು ಅಣ್ಣನ ಅನ್ನ ಅವನ ಗಂಟಲು. ಬಸ್ ನಿಲ್ದಾಣದ ಅನೌನ್ಸರ್ ಅವನು. "ಪ್ರಯಾಣಿಕರ ಗಮನಕ್ಕೆ" ಎಂದು ಅವನು ಎಳೆದರೆ ಸಾಕು, ಓಡಿ ಬರುತ್ತಿದ್ದವರು ನಿಂತುಬಿಡುತ್ತಿದ್ದರು, ನಿಂತಿದ್ದವರು ಓಡುತ್ತಿದ್ದರು. ಇಪ್ಪತ್ತೆರಡು ವರ್ಷ ಊರಿಗೆ ಊರೇ ಅವನ ದನಿ ಕೇಳಿ ಬಸ್ಸು ಹತ್ತಿದೆ.

ಆ ಗಂಟಲಿಗೇ ಗಂಟು ಬಂತು. ಕೆಟ್ಟ ಗಂಟು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದರು ಡಾಕ್ಟರು. ಆದರೆ ಮೊದಲೇ ಮುನ್ನೂರೈವತ್ತು ವಾಕ್ಯ ಓದಿ ರೆಕಾರ್ಡು ಮಾಡಿಕೊಟ್ಟರೆ, ಮುಂದೆ ಅವನು ಬೆರಳಿನಲ್ಲಿ ಒತ್ತಿದ ಅಕ್ಷರಗಳನ್ನು ಒಂದು ಮಷೀನು ಅವನದೇ ದನಿಯಲ್ಲಿ ಹೇಳುತ್ತದೆ. ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನೋಡಿಕೊಳ್ಳುವ ಮೇಡಂ ವಾಕ್ಯಗಳ ಪಟ್ಟಿ ಕೊಟ್ಟು, "ಫೋನಲ್ಲೇ ಮಾಡ್ಕೊಂಡು ಬನ್ನಿ, ನಡೆಯತ್ತೆ" ಎಂದರು.

ಕಿವಿ ಉರಿದುಬಿದ್ದಳು. "ಫೋನಲ್ಲಾ? ಇವನ ದನೀನಾ? ಡಬ್ಬದೊಳಗಿಂದ ಮಾತಾಡಿದ ಹಾಗೆ ಬರತ್ತೆ ಮೇಡಂ. ನಂಗೆ ಹತ್ತು ದಿನ ಕೊಡಿ."

ಡಾಕ್ಟರು ಮುಖ ಸಿಂಡರಿಸಿದರು. ಅತ್ತಿಗೆ ಬೇಡ ಎನ್ನುವಂತೆ ಕಣ್ಣಲ್ಲೇ ಹೇಳಿದಳು. ಅಣ್ಣ ಮಾತ್ರ ತಂಗಿಯ ಮುಖ ನೋಡಿ, "ಹತ್ತು ದಿನದಲ್ಲಿ ಏನು ಆಕಾಶ ಬೀಳಲ್ಲ ಬಿಡಿ ಡಾಕ್ಟ್ರೇ" ಎಂದ. ಸೋಮವಾರದ ಆಪರೇಷನ್ನು ಮುಂದಿನ ವಾರದ ಗುರುವಾರಕ್ಕೆ ಹೋಯಿತು.

ಅಣ್ಣನ ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಬೀರುವಿನ ಬಾಗಿಲಿಗೆ ಹಾಸಿಗೆ ಒರಗಿಸಿ ಕಿವಿ ಸ್ಟುಡಿಯೋ ಮಾಡಿದಳು. ದೊಡ್ಡ ಮೈಕು, ಅದರ ವೈರು ಹೋಗಿ ಸೇರುವ ಅಂಗೈಯಗಲದ ಸೌಂಡ್ ಬಾಕ್ಸು, ಅಲ್ಲಿಂದ ಲ್ಯಾಪ್‌ಟಾಪು. ಆ ಬಾಕ್ಸಿಗೆ ಬೇರೆ ಕರೆಂಟಿಲ್ಲ, ತನಗೂ ಮೈಕಿಗೂ ಬೇಕಾದ್ದನ್ನೆಲ್ಲ ಲ್ಯಾಪ್‌ಟಾಪಿನಿಂದಲೇ ಹೀರಿಕೊಳ್ಳುತ್ತದೆ. ಚಾರ್ಜರ್ ಹಾಕಿಕೊಂಡೇ ರೆಕಾರ್ಡು ಮಾಡೋಣವೆಂದರೆ ಆ ಮನೆಯ ವೈರಿಂಗು ಹಳೆಯದು, ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು. ಚಾರ್ಜರ್ ಕಿತ್ತರೆ ಸದ್ದು ಮಾಯ.

"ಎಲ್ಲಿ ಗುಂಯ್? ನಂಗೇನೂ ಕೇಳಿಸ್ತಿಲ್ಲಪ್ಪ" ಎಂದ ಅಣ್ಣ, ಹೆಡ್‌ಫೋನ್ ಹಾಕಿಕೊಂಡು.

"ನಿಂಗೆ ಕೇಳಿಸಲ್ಲ. ನಂಗೆ ಕೇಳಿಸತ್ತೆ."

"ಇರ್ಲಿ ಬಿಡೇ. ನಾನು ಮಾತಾಡಿದ ಕಡೆಯೆಲ್ಲ ಬಸ್ಸು ಗುರ್ ಅಂತಾನೇ ಇತ್ತು, ಯಾರು ಕಂಪ್ಲೇಂಟ್ ಕೊಟ್ಟಿದ್ರು?"

"ಆಗಲ್ಲ ಅಣ್ಣ. ಬ್ಯಾಟರಿ ಮೇಲೇ ಮಾಡೋಣ. ನಾಲ್ಕು ಗಂಟೆ ಬರತ್ತೆ ಇದು."

ಬರಲಿಲ್ಲ. ಮೊದಲ ದಿನ ಎರಡೂವರೆ ಗಂಟೆಗೆ ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಮೂರನೇ ದಿನ ಒಂದೂಕಾಲು ಗಂಟೆ. ಐದನೇ ದಿನ ನಲವತ್ತು ನಿಮಿಷ. ಬಾಕ್ಸು ಕಿತ್ತಿಟ್ಟರೆ ಅದೇ ಬ್ಯಾಟರಿ ನಾಲ್ಕು ಗಂಟೆ ಗುಂಡುಕಲ್ಲಿನ ಹಾಗೆ ನಿಲ್ಲುತ್ತಿತ್ತು. ಸತ್ತಾಗಲೆಲ್ಲ ತುಂಬಿಸಲು ಎರಡು ಗಂಟೆ ಕಾಯಬೇಕು, ಅಷ್ಟರಲ್ಲಿ ಅಣ್ಣನ ಗಂಟಲು ಕಟ್ಟಿಕೊಳ್ಳುತ್ತಿತ್ತು, ಆ ದಿನದ ಕತೆ ಮುಗಿಯುತ್ತಿತ್ತು.

"ಇದೂ ನಾನೂ ಅವಳಿಜವಳಿ ಕಣೆ" ಎನ್ನುತ್ತಿದ್ದ ಅಣ್ಣ, ಬಿಸಿನೀರು ಗುಟುಕರಿಸುತ್ತ. "ನೋಡೋಕೆ ಫುಲ್ಲು, ಮಾತು ಶುರುವಾದ್ರೆ ಖಾಲಿ."

"ಬಾಯಿ ಮುಚ್ಚು ಅಣ್ಣ."

"ಗುರುವಾರ ಮುಚ್ತಾರಲ್ಲ, ಅಲ್ಲೀವರೆಗೆ ತಡ್ಕೋ."

ಕಿವಿ ಬಿಡುವ ಪೈಕಿ ಅಲ್ಲ. ವೈರು ಬದಲಿಸಿದಳು, ಲ್ಯಾಪ್‌ಟಾಪಿನಲ್ಲಿ ಅದನ್ನು ಚುಚ್ಚುವ ತೂತು ಬದಲಿಸಿದಳು. ಪರದೆಯ ಬೆಳಕನ್ನು ಕಣ್ಣು ಕಿರಿದು ಮಾಡಿ ಓದುವಷ್ಟು ಇಳಿಸಿದಳು, ವೈಫೈ ಆರಿಸಿದಳು. ಯಾವ ಯಾವ ಪ್ರೋಗ್ರಾಮು ಓಡುತ್ತಿವೆ ಎಂಬ ಪಟ್ಟಿಯನ್ನೂ ತೆಗೆದು ನೋಡಿದಳು, ಎಲ್ಲ ಪರಿಚಯದ ಮುಖಗಳೇ. ಸೋಮವಾರ ಕೊನೆಗೆ ಕೈಚೆಲ್ಲಿ ರಿಪೇರಿಯವನ ಹತ್ತಿರ ಹೋದಳು. ಅವನು ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿ, "ಬ್ಯಾಟರಿ ಗಟ್ಟಿಯಾಗಿದೆ ಅಕ್ಕ. ಒಳಗೆ ಯಾರೋ ಕೂತ್ಕೊಂಡು ತಿಂತಿದಾರೆ. ಯಾರು ಅಂತ ನಿಮಗೇ ಗೊತ್ತಿರಬೇಕು" ಎಂದ.

ಅವಳಿಗೆ ಗೊತ್ತಿತ್ತು. ಗೊತ್ತಿದೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಬುಧವಾರ ಮಧ್ಯಾಹ್ನ ಸ್ಟುಡಿಯೋ ಕೆಲಸ ಮುಗಿಸಿ ಅಣ್ಣನ ಮನೆಗೆ ಬಂದಾಗ ಅರವತ್ತೊಂದು ವಾಕ್ಯ ಬಾಕಿ, ಮಾರನೇ ದಿನ ಬೆಳಿಗ್ಗೆ ಆಪರೇಷನ್ನು. ದಿನಾ ಸಂಜೆ ಬಾಕ್ಸಿನ ವೈರು ಕಿತ್ತು ಹೋಗುತ್ತಿದ್ದವಳು ಮಂಗಳವಾರ ಮರೆತು, ಎಲ್ಲ ಹಾಗೇ ಬಿಟ್ಟು, ಚಾರ್ಜಿಗೆ ಹಾಕಿ ಮುಚ್ಚಳ ಮುಚ್ಚಿ ಹೋಗಿದ್ದಳು. ಈಗ ಮುಟ್ಟಿದರೆ ಲ್ಯಾಪ್‌ಟಾಪು ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿದೆ. ಬಾಕ್ಸಿನ ಹಸಿರು ದೀಪ ಉರಿಯುತ್ತಲೇ ಇದೆ. ಮಲಗಬೇಕಾದ ಯಂತ್ರ ನಿನ್ನೆಯಿಂದ ಮಲಗಿಯೇ ಇಲ್ಲ.

ಮತ್ತೆ ಆ ಪಟ್ಟಿ ತೆಗೆದಳು. ಈ ಸಲ ಒಂದು ಸಾಲು ಎದ್ದು ಕಂಡಿತು: ಕಾವಲು.

ಅದು ಅವಳೇ ಹಾಕಿಕೊಂಡಿದ್ದ ಪ್ರೋಗ್ರಾಮು. ಸ್ಟುಡಿಯೋದ ಯಜಮಾನರು ಮೊದಲ ದಿನವೇ ಹೇಳಿಕೊಟ್ಟಿದ್ದರು, ಹಾಡುವವರು 'ರೆಡಿ' ಅನ್ನುವ ಮೊದಲು ಗುನುಗಿದ್ದೇ ಚೆನ್ನಾಗಿರುತ್ತದೆ, ಆದ್ದರಿಂದ ಮೈಕಿಗೆ ಸದಾ ಒಂದು ಕಾವಲಿರಲಿ ಎಂದು. ಬಾಕ್ಸಿನ ವೈರು ಚುಚ್ಚಿದ ಕ್ಷಣದಿಂದ ಕೀಳುವವರೆಗೆ ಅದು ಯಾರಿಗೂ ಹೇಳದೆ ರೆಕಾರ್ಡು ಮಾಡುತ್ತದೆ. ಜೊತೆಗೆ ಹಿಂದಿನ ದಿನಗಳದ್ದನ್ನೆಲ್ಲ ಮೊದಲಿನಿಂದ ಓದಿ ಸದ್ದು ತೊಳೆಯುತ್ತ ಕೂರುತ್ತದೆ. ದಿನ ಹೋದಂತೆ ರಾಶಿ ಬೆಳೆಯಿತು, ರಾಶಿ ಬೆಳೆದಂತೆ ಬ್ಯಾಟರಿ ಕರಗಿತು. ಮನೆಯ ಗಡಿಯಾರದ ಟಿಕ್ ಟಿಕ್ ಮನೆಯವರಿಗೆ ಕೇಳಿಸುತ್ತದೆಯೇ? ಹಾಗೆ, ಪಟ್ಟಿಯಲ್ಲಿದ್ದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ತನ್ನ ತಲೆಗೆ ತಾನೇ ಒಂದು ಮೊಟಕಿಕೊಂಡು ನಕ್ಕಳು. ನಿಲ್ಲಿಸುವ ಮುಂಚೆ, ಏನು ತುಂಬಿಕೊಂಡಿದೆ ನೋಡೋಣವೆಂದು ಹೆಡ್‌ಫೋನ್ ಹಾಕಿಕೊಂಡು ಅಂದಿನ ಬೆಳಗಿನ ಫೈಲನ್ನು ಒತ್ತಿದಳು. ಚಾರ್ಜರ್ ಹಾಕಿದ್ದರಿಂದ ಮೊದಲು ಗುಂಯ್ ಕೇಳಿಸಿತು. ಆಮೇಲೆ ಬಾಗಿಲು. ಆಮೇಲೆ ಅತ್ತಿಗೆ, ಇದೇ ಮಂಚದ ಮೇಲೆ ಕೂತು.

"ಆಪರೇಷನ್‌ಗೆ ಮುಂಚೆ ಅಂತ ತೆಗೆದ ಸ್ಕ್ಯಾನ್ ನೋಡಿ ಡಾಕ್ಟರು ಕೈ ಆಡಿಸಿಬಿಟ್ರು ರೀ. ಶ್ವಾಸಕೋಶಕ್ಕೂ ಹೋಗಿದೆಯಂತೆ. ಇನ್ನು ಗಂಟಲು ಕೊಯ್ದು ಏನೂ ಪ್ರಯೋಜನ ಇಲ್ಲ ಅಂದ್ರು."

ಗುಂಯ್. ತುಂಬಾ ಹೊತ್ತು ಬರೀ ಗುಂಯ್.

"ಹತ್ತು ದಿನದಲ್ಲಿ ಆಗಿದ್ದಲ್ಲ, ಮುಂಚೇನೇ ಇತ್ತು ಅಂದ್ರು" ಎಂದಳು ಅತ್ತಿಗೆ.

"ಅದು ನಿಂಗೆ ನಂಗೆ. ಆ ಹುಡುಗಿಗೆ ಹತ್ತು ದಿನ ಅಂತಾನೇ ಕೇಳ್ಸೋದು." ಅಣ್ಣನ ದನಿ. "ಅವಳಿಗೆ ಹೇಳ್ಬೇಡ. ಬದುಕಿರೋತನಕ ಕೊರಗ್ತಾಳೆ."

"ನಾಳೆ ಗೊತ್ತಾಗಲ್ವಾ?"

"ನಾಳೆ ಡಾಕ್ಟ್ರೇ ಹೇಳ್ಲಿ. ನಾವೂ ಆಗಲೇ ಮೊದಲ ಸಲ ಕೇಳಿದ ಹಾಗೆ ಇದ್ದುಬಿಡೋಣ. ಇವತ್ತು ಅವಳು ಮುಗಿಸ್ಕೊಳ್ಲಿ ಪಾಪ. ಆ ಬ್ಯಾಟರಿ ಜೊತೆ ಎಷ್ಟು ಗುದ್ದಾಡ್ತಿದಾಳೆ ನೋಡಿದ್ಯಾ? ಚಿಕ್ಕೋಳಿದ್ದಾಗ ಅಂಗಿ ಗುಂಡಿ ಹಾಕ್ಕೊಳಕ್ಕೆ ಹೀಗೇ ಗುದ್ದಾಡ್ತಿದ್ಳು." ಆಮೇಲೆ ನಗು, ನಗುವಿನ ಹಿಂದೆ ಕೆಮ್ಮು. "ಏ, ಅಳ್ಬೇಡ ಇವಳೇ. ಬಾ ಇಲ್ಲಿ. ಪ್ರಯಾಣಿಕರ ಗಮನಕ್ಕೆ, ಮೂರನೇ ಪ್ಲಾಟ್‌ಫಾರಂನಲ್ಲಿ ಅಳುತ್ತಿರುವ ಹೆಂಗಸು ಕೂಡಲೇ ತನ್ನ ಗಂಡನನ್ನು ಸಂಪರ್ಕಿಸಬೇಕು."

ಅತ್ತಿಗೆ ಅಳುತ್ತಲೇ ನಕ್ಕಳು. ಅಲ್ಲಿಗೆ ಕಿವಿ ಹೆಡ್‌ಫೋನ್ ತೆಗೆದಳು.

ಹತ್ತು ದಿನ. ಅದರಲ್ಲಿ ಬ್ಯಾಟರಿ ತಿಂದದ್ದೇ ಐದು ದಿನ. ಫೋನಿನಲ್ಲಾದರೆ ಒಂದು ಮಧ್ಯಾಹ್ನದ ಕೆಲಸ. ಗುಂಯ್ ಇದ್ದರೆ ಇರಲಿ ಎಂದಿದ್ದರೂ ಎರಡು ದಿನ.

"ಏ ಕಿವೀ!" ಹೊರಗಿನಿಂದ ಅಣ್ಣ ಕೂಗಿದ. "ನಿನ್ನ ಪೇಷಂಟು ಇದ್ಯಾ, ಹೋಯ್ತಾ?"

ಅವಳು ಫೈಲು ಮುಚ್ಚಿ, "ಇದೆ ಅಣ್ಣ. ಕಾಯಿಲೆ ಸಿಕ್ತು" ಎಂದಳು.

ಅವನು ಬಂದು ಮಂಚದ ಮೇಲೆ ಕೂತ. ಅತ್ತಿಗೆ ಬಿಸಿನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಳು, ಮುಖ ತೊಳೆದುಕೊಂಡು ಬಂದಿದ್ದಳು. "ಏನಂತೆ ಕಾಯಿಲೆ?" ಎಂದು ಕೇಳಿದಳು.

"ನಂದೇ ತಪ್ಪು ಅತ್ತಿಗೆ. ನಾನೇ ಹಾಕಿದ್ದ ಒಂದು ಪ್ರೋಗ್ರಾಮು ಹಿಂದೆ ಓಡ್ತಾನೇ ಇತ್ತು."

"ಎಲ್ಲದಕ್ಕೂ ನಂದೇ ತಪ್ಪು ಅನ್ನೋ ಚಟ ಇವಳಿಗೆ" ಎಂದ ಅಣ್ಣ. ಅತ್ತಿಗೆಯ ಕಡೆ ಮಾತ್ರ ನೋಡಲಿಲ್ಲ.

ಕಿವಿ ಕಾವಲು ನಿಲ್ಲಿಸಿದಳು, ಚಾರ್ಜರ್ ಕಿತ್ತಳು, ಕೆಂಪು ಗುಂಡಿ ಒತ್ತಿದಳು. ಅವನು ಓದತೊಡಗಿದ. "ನನಗೆ ಒಂದು ಲೋಟ ನೀರು ಕೊಡಿ." "ಕಿಟಕಿ ತೆಗೆಯಿರಿ, ಸೆಕೆ ಆಗುತ್ತಿದೆ." "ನಾನು ಸ್ವಲ್ಪ ತಡವಾಗಿ ಬರುತ್ತೇನೆ." ಒಂದೊಂದು ವಾಕ್ಯವೂ ಗಾಜಿನಷ್ಟು ಸ್ವಚ್ಛ. ಒಂದು ಗಂಟೆ ಕಳೆದರೂ ಬ್ಯಾಟರಿ ಎಪ್ಪತ್ತರ ಕೆಳಗೆ ಇಳಿಯಲಿಲ್ಲ. ಕೊನೆಯ ವಾಕ್ಯ, ಮುನ್ನೂರೈವತ್ತನೆಯದು: "ಸರಿ, ನಾಳೆ ಸಿಗೋಣ."

"ಇನ್ನೊಂದು ಸಲ ಹೇಳ್ಲಾ?" ಎಂದು ಅಣ್ಣ ಕೇಳಿದ.

"ಬೇಡ. ಚೆನ್ನಾಗಿ ಬಂದಿದೆ."

ಮಾರನೇ ದಿನ ಡಾಕ್ಟರ ಕೋಣೆಯಲ್ಲಿ ಮೂವರೂ ಆಗಲೇ ಮೊದಲ ಸಲ ಕೇಳಿದವರಂತೆ ಬೆಚ್ಚಿದರು. ಮೂವರೂ ನಟಿಸುತ್ತಿರುವುದು ಕಿವಿಗೊಬ್ಬಳಿಗೇ ಗೊತ್ತಿತ್ತು. ಅಣ್ಣ ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡು, "ಮುಂಚೇನೇ ಇತ್ತಂತಲ್ಲ, ಕೇಳಿಸ್ಕೊಂಡ್ಯಾ? ಮುಂಚೇನೇ ಇತ್ತು" ಎಂದು ಎರಡು ಸಲ ಹೇಳಿದ. ಅವಳು ತಲೆಯಾಡಿಸಿದಳು. ಬುಧವಾರ ಅವನು ಅತ್ತಿಗೆಗೆ ಅಂದದ್ದು ನಿಜವಾಗಿತ್ತು, ಅವಳಿಗೆ ಕೇಳಿಸಿದ್ದು ಹತ್ತು ದಿನ ಅಂತಲೇ.

ನಾಲ್ಕು ತಿಂಗಳು ಬದುಕಿದ್ದ. ದನಿ ಕೊನೆಯ ವಾರದವರೆಗೂ ಇತ್ತು, ಹಾಗಾಗಿ ಆ ಮಷೀನು ಬೇಕಾಗಲೇ ಇಲ್ಲ.

ಅವನು ಹೋಗಿ ಒಂದು ತಿಂಗಳಾದ ಮೇಲೆ ಅತ್ತಿಗೆ ಸ್ಟುಡಿಯೋಗೆ ಬಂದಳು. ಮುನ್ನೂರೈವತ್ತು ವಾಕ್ಯಗಳ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು.

"ಇದು ಬೇಡ ಕಣೆ. ಪಾಠ ಓದಿದ ಹಾಗಿದೆ. ನೀರು ಕೊಡಿ, ಕಿಟಕಿ ತೆಗೆಯಿರಿ. ಹೀಗೆ ಯಾವತ್ತು ಮಾತಾಡಿದ್ರು ಅವ್ರು ನನ್ನ ಹತ್ರ? ನಿನ್ನ ಹತ್ರ ಮಾಮೂಲಿ ಮಾತು ಏನೂ ಇಲ್ವಾ? ಇವಳೇ ಅಂತ ಕರೆದಿದ್ದು, ನಕ್ಕಿದ್ದು, ಒಂದು ಕೆಮ್ಮಾದರೂ? ಗೊರ ಗೊರ ಸದ್ದಿದ್ರೂ ಪರವಾಗಿಲ್ಲ."

ಕಿವಿಯ ಲ್ಯಾಪ್‌ಟಾಪು ಎದುರಿಗೇ ತೆರೆದಿತ್ತು. ಕಾವಲಿನ ಉಳಿದ ರಾಶಿಯನ್ನೆಲ್ಲ ಎಂದೋ ಅಳಿಸಿದ್ದಳು, ಆ ಬುಧವಾರದ ಫೈಲೊಂದನ್ನು ಅಳಿಸಲು ಮಾತ್ರ ಕೈ ಬಂದಿರಲಿಲ್ಲ. ಕೊಟ್ಟರೆ ಅತ್ತಿಗೆಗೆ ಗಂಡ ಸಿಗುತ್ತಾನೆ. ಕೊಟ್ಟರೆ, ಬರೀ ನಗುವನ್ನು ಕತ್ತರಿಸಿ ಕೊಟ್ಟರೂ, ಅದು ಯಾವ ಬೆಳಗಿನದೆಂದು ಅವಳಿಗೆ ತಿಳಿಯುತ್ತದೆ, ಅವನು ಕೊನೆಯವರೆಗೆ ಯಾವುದು ತಂಗಿಯ ಕಿವಿಗೆ ಬೀಳಬಾರದೆಂದು ಕಾದನೋ ಆ ಹತ್ತು ದಿನದ ಮಾತು ಅಂದೇ ಬಿದ್ದಿತ್ತು ಎಂಬುದೂ ಗೊತ್ತಾಗುತ್ತದೆ, ಅವರಿಬ್ಬರ ನಾಲ್ಕು ತಿಂಗಳ ನಟನೆ ನೀರಿನ ಪಾಲಾಗುತ್ತದೆ.

"ಹುಡುಕ್ತೀನಿ ಅತ್ತಿಗೆ" ಎಂದಳು.

ವಾರಕ್ಕೊಮ್ಮೆ ಅತ್ತಿಗೆಯ ಫೋನು ಬರುತ್ತದೆ. "ಸಿಕ್ತಾ?" ಎಂದು ಕೇಳುತ್ತಾಳೆ. "ಹುಡುಕ್ತಿದೀನಿ" ಎನ್ನುತ್ತಾಳೆ ಇವಳು, ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು. ಹೆಡ್‌ಫೋನಿನೊಳಗೆ ಗುಂಯ್ ಎನ್ನುತ್ತಲೇ ಇರುತ್ತದೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?