ಒಂಬತ್ತನೇ ರೀಲು

"ನಾನು ಜೋಡಿಸಿದ ಪಿಚ್ಚರಲ್ಲಿ ನಿಮ್ಮ ಕಿವಿಗೆ ಒಂದು ಅಂಟೂ ಸಿಗಲ್ಲ ಅಣ್ಣಾ. ಮಾತು ಕೊಡ್ತೀನಿ" ಎಂದು ರಹಮತ್ತುಲ್ಲಾ ಹೇಳಿದ್ದು ಎಂಟು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತಾರರಲ್ಲಿ, ಕೋಲಾರದ ಸ್ಟೇಷನ್ನಿನಲ್ಲಿ ನಿಂತು. ಬೌರಿಂಗ್‌ಪೇಟೆಗೆ ಹೋಗಿ ಮದ್ರಾಸಿನ ರೈಲು ಹಿಡಿಯಬೇಕಿತ್ತು. ಕಾಲ ಬಳಿ ಟ್ರಂಕು, ಜೇಬಿನಲ್ಲಿ ಟೆಂಟು ಸಿನಿಮಾದ ಆಪರೇಟರ್ ಸುಬ್ಬರಾಯಪ್ಪ ಕೊಟ್ಟ ಬ್ಲೇಡು.

"ಸಿಕ್ಕಿದ್ರೆ ಏನ್ಲಾ ಮಾಡ್ತೀಯ?" ಎಂದು ಸುಬ್ಬರಾಯಪ್ಪ ನಕ್ಕಿದ್ದರು.

"ಸಿಕ್ಕಿದ ಕಡೆ ನಿಮ್ಮ ಕೋಲಲ್ಲಿ ಬೆಂಚಿಗೆ ಒಂದೇಟು ತಟ್ಟಿ. ಕತ್ತರಿ ಕೆಳಗಿಡ್ತೀನಿ."

"ಕತ್ತರಿ ಇಟ್ಟು ಅನ್ನಕ್ಕೇನ್ ಮಾಡ್ತೀಯ? ಮಾತು ಸಾಕು, ಹೋಗು."

ವರ್ಷಗಟ್ಟಲೆ ಪ್ರೊಜೆಕ್ಟರಿನ ಕಾರ್ಬನ್ ದೀಪದ ಉರಿಗೆ ಕಣ್ಣು ಕೊಟ್ಟು, ಅವರು ಆಗಲೇ ಕೋಲು ಹಿಡಿಯುವಂತಾಗಿತ್ತು. ಟೆಂಟಿಗೆ ಬರುತ್ತಿದ್ದದ್ದು ಹತ್ತೂರು ಸುತ್ತಿ ಸವೆದ ಪ್ರಿಂಟುಗಳು. ಹರಿದ ಕಡೆ ಬ್ಲೇಡಿನಿಂದ ಹೆರೆದು, ಅಂಟು ಸವರಿ, ಹೆಬ್ಬೆರಳಲ್ಲಿ ಒತ್ತಿ ಹಿಡಿಯುವುದನ್ನು ರಹಮತ್ತುಲ್ಲಾ ಕಲಿತದ್ದು ಅವರ ಪಕ್ಕದಲ್ಲಿ ಕೂತೇ. ಮೂಕಿ ಚಿತ್ರದ ಕಾಲದಲ್ಲಿ ಅಷ್ಟು ಸಾಕಾಗಿತ್ತು. ಟಾಕಿ ಬಂದ ಮೇಲೆ ಅಂಟು ಹಾಕಿದ ಕಡೆಯೆಲ್ಲ 'ಟಪ್' ಎಂಬ ಸದ್ದು. ಜನಕ್ಕೆ ಅದು ಕೇಳದಿದ್ದರೂ ಸುಬ್ಬರಾಯಪ್ಪನವರಿಗೆ ಕೇಳುತ್ತಿತ್ತು. ಕಣ್ಣು ಸೋತಷ್ಟೂ ಕಿವಿ ಚುರುಕಾಗಿತ್ತು.

ರೈಲು ಹೊರಟಾಗ ಗೌನಿಪಲ್ಲಿಯವರಾದ ಸುಬ್ಬರಾಯಪ್ಪ ಕನ್ನಡ ಬಿಟ್ಟು ತಮ್ಮ ಮನೆಮಾತು ತೆಲುಗಿಗೆ ಹೊರಳಿ, "ಪೋಯಿ ರಾ ನಾಯನಾ" ಎಂದಿದ್ದರು. ದನಿ ಕೊನೆಯಲ್ಲಿ ಸ್ವಲ್ಪ ಒಡೆದಿತ್ತು.

ಈಗ ನಲವತ್ತನಾಲ್ಕನೇ ಇಸವಿ. ರಹಮತ್ತುಲ್ಲಾ ಮದ್ರಾಸಿನಲ್ಲಿ ಹೆಸರು ಮಾಡಿದ ಎಡಿಟರ್. ಯುದ್ಧದಿಂದ ಫಿಲ್ಮಿಗೆ ಬರ ಬಂದು, ಹನ್ನೊಂದು ಸಾವಿರ ಅಡಿಗಿಂತ ಉದ್ದದ ಚಿತ್ರ ತೋರಿಸಬಾರದೆಂದು ಸರ್ಕಾರ ಹುಕುಂ ಮಾಡಿತ್ತು. ಉಳಿದವರು ತಲೆಯ ಮೇಲೆ ಕೈ ಹೊತ್ತರೆ ಅವನು ಅಂಗಿಯ ತೋಳು ಏರಿಸಿ ಕೂತ. ಹದಿನಾರು ಸಾವಿರ ಅಡಿಯ ಕಥೆಯನ್ನು ಹನ್ನೊಂದಕ್ಕೆ ಇಳಿಸಿದ್ದ. ಕತ್ತರಿ ಆಡಿದ್ದು ಎಲ್ಲಿ ಎಂದು ಕೇಳಿದರೆ ನಿರ್ದೇಶಕನೇ ಹೇಳಲಾರದೆ ಹೋಗಿದ್ದ. ಅಂಟಿನ ಸದ್ದಿಗೂ ಮದ್ದಿತ್ತು. ಫಿಲ್ಮಿನ ಅಂಚಿನಲ್ಲಿ ಓಡುವ ಧ್ವನಿಯ ಪಟ್ಟಿಗೆ, ಅಂಟು ಇರುವ ಕಡೆ, ಕಪ್ಪು ಮಸಿಯಲ್ಲಿ ಸಣ್ಣ ಮುಕ್ಕೋನ ಬರೆದರೆ ಆ 'ಟಪ್' ಅಡಗುತ್ತದೆ. ಅವನಷ್ಟು ನಯವಾಗಿ ಅದನ್ನು ಬರೆಯುವವರು ಆ ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ.

ಅವನು ಹಾಗೆ ಇಳಿಸಿದ್ದ ಹೊಸ ಕನ್ನಡ ಚಿತ್ರಕ್ಕೆ ಹಣ ಹಾಕಿದ್ದವರು ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಅಪ್ಪಾಜಪ್ಪ. ಹಾಗಾಗಿ ಬೆಂಗಳೂರಿಗಿಂತ ಮೊದಲು ಕೋಲಾರದ ಟೆಂಟಿನಲ್ಲಿ ಎರಡು ದಿನದ ಆಟ. ಮೊದಲ ದಿನ, ಈಗ ಕಣ್ಣು ಪೂರಾ ಹೋಗಿದ್ದ ಸುಬ್ಬರಾಯಪ್ಪನವರನ್ನು ರಹಮತ್ತುಲ್ಲಾನೇ ಕೈ ಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿದ.

"ಕೋಲು ತಂದಿದ್ದೀರ?"

"ನೀನೇ ಹೇಳಿದ್ಯಲ್ಲ."

ಒಂದು ರೀಲು ಮುಗಿಯಿತು, ಎರಡು, ಐದು. ಕೋಲು ಅಲ್ಲಾಡಲಿಲ್ಲ. ರಹಮತ್ತುಲ್ಲಾ ಪರದೆ ನೋಡುವುದನ್ನು ಬಿಟ್ಟು ಆ ಕೋಲನ್ನೇ ನೋಡುತ್ತಿದ್ದ. ಒಂಬತ್ತನೇ ರೀಲಿನಲ್ಲಿ ಮಗ ಊರು ಬಿಟ್ಟು ಹೊರಡುತ್ತಾನೆ. ಸ್ಟೇಷನ್ನಿನಲ್ಲಿ ತಾಯಿ ಅವನ ಕೆನ್ನೆ ಮುಟ್ಟಿ ಒಂದೇ ಒಂದು ಮಾತು ಆಡುತ್ತಾಳೆ.

"ಪೋಯಿ ರಾ ನಾಯನಾ."

ರಹಮತ್ತುಲ್ಲಾ ಥಟ್ಟನೆ ಪರದೆಯತ್ತ ತಿರುಗಿದ. ತಾಯಿ ಆಡಿದ್ದು ತೆಲುಗು. ಇದು ಕನ್ನಡದ ಚಿತ್ರ. ಇದೇ ಕಥೆ ತೆಲುಗಿನಲ್ಲೂ ತಯಾರಾಗುತ್ತಿತ್ತು: ಅದೇ ನಟಿ, ಅದೇ ಸೀರೆ, ಒಂದು ಸಲ ಕನ್ನಡದಲ್ಲಿ, ಹಿಂದೆಯೇ ತೆಲುಗಿನಲ್ಲಿ. ಎರಡರ ಡಬ್ಬಿಗಳೂ ಅವನ ಮೇಜಿನ ಮೇಲೆ ಪಕ್ಕಪಕ್ಕದಲ್ಲಿದ್ದವು. ದನಿ ಒಡೆದ ಆ ತುಣುಕು ಕಿವಿಗೆ ಬಿದ್ದ ಕೂಡಲೇ ಇದೇ ಸರಿ ಎಂದು ಕತ್ತರಿಸಿ ಸೇರಿಸಿದ್ದ. ಮನೆಯಲ್ಲಿ ದಖನಿ ಉರ್ದು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವನ ಕಿವಿ ಯಾವ ಭಾಷೆಯೆಂದು ಕೇಳಿರಲೇ ಇಲ್ಲ.

ಟೆಂಟಿನಲ್ಲಿ ಯಾರೂ ನಗಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೋಲು ಸುಮ್ಮನಿತ್ತು.

ಆಟ ಬಿಟ್ಟ ಮೇಲೆ ಸುಬ್ಬರಾಯಪ್ಪ ಅವನ ಭುಜ ತಡವಿ ಹಿಡಿದರು. "ಒಂದೂ ಸಿಗಲಿಲ್ಲ ಕಣೋ. ಕಳ್ಳ ನನ್ಮಗನೆ, ಎಲ್ಲಿ ಬಚ್ಚಿಟ್ಟೆ?"

"ಅಣ್ಣಾ, ಸ್ಟೇಷನ್ನಲ್ಲಿ ಆ ತಾಯಿ ಏನಂದಳು?"

"ಹೋಗಿ ಬಾರಪ್ಪ ಅಂದಳು. ಇನ್ನೇನಂತಾಳೆ? ನಾಳೆನೂ ಬರ್ತೀನಿ, ಅದೊಂದು ಮಾತು ಇನ್ನೊಂದ್ಸಲ ಕೇಳ್ಬೇಕು."

ಬೆಳಿಗ್ಗೆ ಪ್ರೊಜೆಕ್ಟರ್ ಕೋಣೆಯಲ್ಲಿ ರಹಮತ್ತುಲ್ಲಾ ಒಂಬತ್ತನೇ ರೀಲು ಬಿಚ್ಚಿಕೊಂಡು ಕೂತಿದ್ದ. ಅಪ್ಪಾಜಪ್ಪ ಬಾಗಿಲಲ್ಲಿ ಇಣುಕಿದರು.

"ಏನ್ ಸಾಬ್ರೇ, ಕುಂಚ ಹಿಡ್ಕೊಂಡು ಮದುವೆ ಹೆಣ್ಣಿಗೆ ಕಾಡಿಗೆ ತೀಡ್ತಿದ್ದೀರಾ?"

ರಹಮತ್ತುಲ್ಲಾ ವಿಷಯ ಹೇಳಿದ. ಅಪ್ಪಾಜಪ್ಪ ಬಾಯಿ ತೆರೆದರು. "ತೆಲುಗಾ? ಯಾವಾಗ? ನನ್ನ ಕಿವಿಗೆ ಬೀಳಲೇ ಇಲ್ವಲ್ರೀ! ನಮ್ಮಮ್ಮನೂ ಹಂಗೇ ಅನ್ನೋದು."

"ಅದಕ್ಕೇ ಬೀಳಲಿಲ್ಲ. ಮೈಸೂರು, ಹಾಸನದಲ್ಲಿ ಬೀಳುತ್ತೆ. ಅಳೋ ಕಡೆ ಜನ ನಕ್ಕರೆ ನಿಮ್ಮ ಪಿಚ್ಚರ್ ಅಲ್ಲಿಗೆ ಮುಗೀತು."

"ಹಂಗಾದ್ರೆ ಕತ್ತರಿಸಿ ಬಿಸಾಕಿ."

"ಕತ್ತರಿಸಿದ್ರೆ ಪರದೆ ಮೇಲೆ ತಾಯಿ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಗರುತ್ತೆ. ಕನ್ನಡದ ತುಣುಕು ಮದ್ರಾಸಲ್ಲಿದೆ, ಅದು ಪ್ರಿಂಟಾಗಿ ಬರೋಕೆ ವಾರ ಬೇಕು. ತಪ್ಪು ನನ್ನದು, ಆ ಮಾತನ್ನ ಮಸಿಯಲ್ಲಿ ಮುಚ್ಚೋದೂ ನಾನೇ. ಒಂದು ಚೂರೂ ಕತ್ತರಿಸಲ್ಲ."

"ಇವತ್ತು ಆಟ ಮುಗಿದ ಮೇಲೆ ಮಾಡಬಾರ್ದಾ?"

"ಆಟ ಮುಗಿದ ಕೂಡಲೇ ಡಬ್ಬಿಗಳು ನಿಮ್ಮ ಕಾರಲ್ಲಿ ಬೆಂಗಳೂರಿಗೆ ಹೋಗುತ್ವೆ. ಜನದ ಮುಂದೆ ಓಡಿಸಿ ಕೇಳದೆ ನಾನು ಏನನ್ನೂ ಕಳಿಸಲ್ಲ."

ಕುಂಚ ಮಸಿಗೆ ಅದ್ದುವಾಗ ರಹಮತ್ತುಲ್ಲಾ ಸುಬ್ಬರಾಯಪ್ಪನವರಿಗೆ ಹೇಳಿಕಳಿಸಲೇ ಎಂದು ಯೋಚಿಸಿದ. ಆಮೇಲೆ, ಅಂಟೇ ಇಲ್ಲದ ಕಡೆ ಕೋಲು ಯಾಕೆ ತಟ್ಟೀತು ಎಂದುಕೊಂಡ.

ಫಿಲ್ಮಿನಲ್ಲಿ ಮಾತು ಚಿತ್ರಕ್ಕಿಂತ ಒಂದೂಕಾಲು ಅಡಿ ಮುಂದೆ ಓಡುತ್ತದೆ. ತಾಯಿಯ ತುಟಿ ತೆರೆಯುವ ಚೌಕ ಹುಡುಕಿ, ಅಲ್ಲಿಂದ ಅಳೆದು, ಧ್ವನಿಯ ಪಟ್ಟಿಯ ಮೇಲೆ ನಾಲ್ಕು ಅಡಿ ಉದ್ದಕ್ಕೆ ಮಸಿ ಎಳೆದ. ಎರಡು ತುದಿಯನ್ನೂ ಸೂಜಿಯಂತೆ ಚೂಪು ಮಾಡಿದ, ಸದ್ದು ಕಡಿದಂತಾಗದೆ ಕರಗಬೇಕೆಂದು. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿದ. ಅವನು ಮಾಡಿದ ಕೆಲಸಗಳಲ್ಲೆಲ್ಲ ಅದೇ ಚೊಕ್ಕ ಕೆಲಸ.

ಸಂಜೆ ಟೆಂಟು ತುಂಬಿತ್ತು. ಸುಬ್ಬರಾಯಪ್ಪ ಹಿಂದಿನ ದಿನದ ಬೆಂಚಿನಲ್ಲೇ ಕೂತಿದ್ದರು. ಎಂಟು ರೀಲು ಓಡಿದರೂ ಕೋಲು ಅಲ್ಲಾಡಲಿಲ್ಲ. ಒಂಬತ್ತನೆಯದು ಶುರುವಾದಾಗ ಅವರು ಕುತ್ತಿಗೆ ಮುಂದಕ್ಕೆ ಚಾಚಿ ಕೂತರು.

ಪರದೆಯ ಮೇಲೆ ತಾಯಿ ಮಗನ ಕೆನ್ನೆ ಮುಟ್ಟಿದಳು. ತುಟಿ ಅಲ್ಲಾಡಿತು. ಮಾತು ಬರಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿದವಳಂತೆ ಮತ್ತೆ ತುಟಿ ಅಲ್ಲಾಡಿ ನಿಂತಿತು. ಹೆಂಗಸರ ಕಡೆಯಿಂದ ಯಾರೋ ಜೋರಾಗಿ ಬಿಕ್ಕಿದರು. ಅಪ್ಪಾಜಪ್ಪ ಹಿಂದಿನಿಂದ ಬಗ್ಗಿ, "ಸಾಬ್ರೇ, ನಿನ್ನೆಗಿಂತ ಇವತ್ತೇ ಚೆನ್ನಾಗೈತೆ!" ಎಂದು ಪಿಸುಗುಟ್ಟಿದರು.

ರಹಮತ್ತುಲ್ಲಾ ಪಕ್ಕಕ್ಕೆ ತಿರುಗಿದ. ಸುಬ್ಬರಾಯಪ್ಪ ಇನ್ನೂ ಕುತ್ತಿಗೆ ಚಾಚಿಯೇ ಕಾಯುತ್ತಿದ್ದರು. ಪರದೆಯಲ್ಲಿ ರೈಲು ಕೂಗಿತು. ಅದು ಹೊರಟು ಚಕ್ರದ ಸದ್ದು ದೂರವಾಗುವವರೆಗೂ ಕಾದರು. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿ, ಕೋಲೆತ್ತಿ, ಬೆಂಚಿನ ಕಾಲಿಗೆ ಒಂದು ಸಲ ತಟ್ಟಿದರು.

ರಹಮತ್ತುಲ್ಲಾ ಕೊಟ್ಟ ಮಾತು ಉಳಿಯಲಿಲ್ಲ.